ಹಳೆ ಪಿಕಪ್ ಚಡಾವು ಹತ್ತುದಿಲ್ಲ ಅಂದ್ರೆ: ಪಂಪಿನ ಸ್ಕ್ರೂ ಮುಟ್ಟುವ ಮೊದಲು, ಮುಟ್ಟಿದ ಮೇಲೆ

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಕಡೆಯಲ್ಲೆಲ್ಲ ಹಳೆ ಡೀಸೆಲ್ ಪಿಕಪ್ ಇನ್ನೂ ಸಾಕಷ್ಟು ಓಡ್ತಾ ಉಂಟು. ಅಡಿಕೆ ಗೋಣಿ, ಕೆಂಪುಕಲ್ಲು, ಗೊಬ್ಬರ, ರಬ್ಬರ್ ಶೀಟು, ಮದುವೆ ಮನೆಯ ಪಾತ್ರೆ, ಎಂತ ಬೇಕಾದ್ರೂ ಹಾಕಿ, ಹೊತ್ಕೊಂಡು ಹೋಗ್ತದೆ. ಇಂಥ ಗಾಡಿಯವರು ಬಂದು ಹೇಳುವ ಕಂಪ್ಲೇಂಟ್ ಹೆಚ್ಚಾಗಿ ಒಂದೇ, "ಪುಲ್ಲಿಂಗ್ ಇಲ್ಲ ಮಾರಾಯ್ರೆ, ಪಂಪಲ್ಲಿ ಸ್ವಲ್ಪ ಡೀಸೆಲ್ ಜಾಸ್ತಿ ಮಾಡಿ ಕೊಡಿ". ಪಂಪ್ ಅಂದ್ರೆ ಇಲ್ಲಿ ಎಂಜಿನಿಗೆ ಡೀಸೆಲ್ ಅಳೆದು ತಳ್ಳುವ ಇಂಜೆಕ್ಷನ್ ಪಂಪ್. ರೋಗದ ಹೆಸರೂ ಅವರೇ ಹೇಳುದು, ಮದ್ದಿನ ಹೆಸರೂ ಅವರೇ ಹೇಳುದು. ಯೂಟ್ಯೂಬಲ್ಲಿ ಯಾರೋ ಒಂದು ಸ್ಕ್ರೂ ತಿರುಗಿಸಿ ಕಪ್ಪು ಹೊಗೆ ಎಬ್ಬಿಸಿಕೊಂಡು ಹಾರಿ ಹೋಗುದನ್ನ ನೋಡಿರ್ತಾರೆ, ನಮ್ಮ ಗಾಡಿಗೂ ಅದೇ ಸ್ಕ್ರೂ ಉಂಟಲ್ಲ ಅಂತ.

ಸ್ಕ್ರೂ ಉಂಟು, ಅದು ಸುಳ್ಳಲ್ಲ. ಆ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುದು 1989ರಿಂದ 1993ರವರೆಗಿನ ಡಾಡ್ಜ್ ಪಿಕಪ್, 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಎಂಜಿನ್, ಅದಕ್ಕೆ ಬಾಷ್ ಕಂಪೆನಿಯ ವಿಇ ಅನ್ನುವ ರೋಟರಿ ಪಂಪ್. 1994ರಿಂದ ಅವರು ಇನ್‌ಲೈನ್ ಪಂಪಿಗೆ ಹೋದ್ರು. ನಮ್ಮ ಹಳೆ ಗಾಡಿಗಳಲ್ಲೂ ಅದೇ ವಿಇ ಜಾತಿಯ ರೋಟರಿ ಪಂಪ್ ತುಂಬ ಉಂಟು, ಆದ್ರೆ ಆ ಎಂಜಿನ್ 160 ಎಚ್‌ಪಿಗೆ ಕಟ್ಟಿದ ಲಾರಿ ಎಂಜಿನ್, ಅದರ ಹೊಟ್ಟೆಯಲ್ಲಿ ಇನ್ನೂ ಜಾಗ ಇತ್ತು. ನಮ್ಮ ಮಹೀಂದ್ರಾದ 2523 ಸಿಸಿ ಡಿಐ (ಡೀಸೆಲ್ ನೇರ ಸಿಲಿಂಡರಿನೊಳಗೆ ಸಿಡಿಯುವ) ಎಂಜಿನ್ ಟರ್ಬೋ ಹಾಕಿದ್ರೂ 63 ಎಚ್‌ಪಿ ಆಸುಪಾಸು, ಇದ್ರಿಂದ ಅದನ್ನ ಮಾಡ್ತೇನೆ ಅಂತ ಹೊರಟ್ರೆ ಆಗ್ಲಿಕ್ಕಿಲ್ಲ. ಮತ್ತೆ ಮುಖ್ಯ ವಿಷಯ ಎಂತ ಅಂದ್ರೆ, ಹದಿನೈದು ಇಪ್ಪತ್ತು ವರ್ಷ ಓಡಿದ ಗಾಡಿಗೆ ಪವರ್ ಇಲ್ಲ ಅಂದ್ರೆ ಅದು ಮೊದಲು ಇದ್ದ ಪವರ್ ಹೋದದ್ದು, ಎಲ್ಲಿ ಹೋಯ್ತು ಅಂತ ಹುಡುಕದೆ ಸ್ಕ್ರೂ ತಿರುಗಿಸುದು ಅಂದ್ರೆ ಬಾವಿಯಲ್ಲಿ ನೀರಿಲ್ಲದಾಗ ಮೋಟರಿನ ಎಚ್‌ಪಿ ಜಾಸ್ತಿ ಮಾಡಿದ ಹಾಗೆ.

ಯಾವ ಪಂಪ್ ಅಂತ ಮೊದಲು ನೋಡಿ

ಬಾನೆಟ್ ಎತ್ತಿ ನೋಡಿ. ನೋಝಲಿಗೆ, ಅಂದ್ರೆ ಎಂಜಿನಿನೊಳಗೆ ಡೀಸೆಲ್ ಸಿಡಿಸುವ ಮೂತಿಗೆ, ಹೋಗುವ ನಾಲ್ಕು ಕಬ್ಬಿಣದ ಪೈಪು ಪಂಪಿನ ಹಿಂದಿನ ಮುಖದಿಂದ ವೃತ್ತಾಕಾರದಲ್ಲಿ ಹೊರಟಿದ್ರೆ ರೋಟರಿ, ಮೇಲಿಂದ ಸಾಲಾಗಿ ಒಂದರ ಪಕ್ಕ ಒಂದು ಹೊರಟಿದ್ರೆ ಇನ್‌ಲೈನ್. ನಾಲ್ಕೂ ಪೈಪು ಒಂದು ದಪ್ಪ ಕೊಳವೆಯಿಂದ ಹೊರಟು ನೋಝಲಿನ ತಲೆಗೆ ವಯರಿನ ಸಾಕೆಟ್ ಇದ್ರೆ ಅದು ಕಾಮನ್ ರೈಲ್, ಅದಕ್ಕೆ ಇಲ್ಲಿ ಬರೆದದ್ದು ಯಾವುದೂ ಲಾಗು ಇಲ್ಲ, ಅದ್ರಲ್ಲಿ ತಿರುಗಿಸ್ಲಿಕ್ಕೆ ಸ್ಕ್ರೂನೇ ಇಲ್ಲ, ಎಲ್ಲ ಇಸಿಯು, ಅಂದ್ರೆ ಗಾಡಿಯ ಕಂಪ್ಯೂಟರ್. ರೈಲಿನೊಳಗೆ, ಅಂದ್ರೆ ಆ ದಪ್ಪ ಕೊಳವೆಯೊಳಗೆ, ಪ್ರೆಶರ್ ಸಾವಿರ ಬಾರ್‌ಗಿಂತ (ಬಾರ್ ಅಂದ್ರೆ ಪ್ರೆಶರ್ ಅಳೆಯುವ ಲೆಕ್ಕ) ಮೇಲೂ ಹೋಗ್ತದೆ, ಎಂಜಿನ್ ಓಡುವಾಗ ಅದರ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕುವ ಧೈರ್ಯ ಯಾರೂ ಮಾಡ್ಬೇಡಿ.

ಪಂಪಿನ ಮೈಮೇಲೆ ಮೈಕೋ ಅಂತ ಇದ್ರೆ ಗಾಬರಿ ಬೇಡ, ಅದು 1951ರಲ್ಲಿ ಶುರುವಾದ, ಬೆಂಗಳೂರಿನ ಅದೇ ಕಂಪೆನಿ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯ್ತು. ತಗಡಿನ ಪ್ಲೇಟಿನಲ್ಲಿ ಒಂದು ಉದ್ದ ನಂಬರ್ ಉಂಟು, ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಪಾರ್ಟ್ಸ್ ಅಂಗಡಿಯಲ್ಲಿ ಗಾಡಿಯ ಹೆಸರಿಗಿಂತ ಆ ನಂಬರೇ ಕೆಲಸಕ್ಕೆ ಬರುದು. ಇನ್ನು ಮುಂದೆ ನಾನು ಹೇಳುದು ರೋಟರಿ ಪಂಪಿನ ಲೆಕ್ಕದಲ್ಲಿ.

ಹೊಗೆ ನೋಡಿ, ಅರ್ಧ ಉತ್ತರ ಅಲ್ಲೇ ಉಂಟು

ಲೋಡ್ ಹಾಕಿ ಒಂದು ಒಳ್ಳೆ ಚಡಾವಲ್ಲಿ ಎಕ್ಸಿಲೇಟರ್ ಪೂರ್ತಿ ಒತ್ತಿ ಹೋಗಿ, ಹಿಂದಿಂದ ಬೈಕಲ್ಲಿ ಒಬ್ಬ ಬರ್ಲಿ, ಹೊಗೆ ಎಂತ ಬಣ್ಣ ಅಂತ ಅವನು ಹೇಳ್ಬೇಕು. ನಿಂತಲ್ಲೇ ರೇಸ್ ಕೊಟ್ಟು ನೋಡಿದ್ರೆ ಗೊತ್ತಾಗುದಿಲ್ಲ, ಲೋಡ್ ಇಲ್ಲದಾಗ ಗವರ್ನರ್ (ಪಂಪಿನೊಳಗೆ ಸ್ಪೀಡ್ ಹಿಡಿತದಲ್ಲಿಡುವ ಭಾಗ) ಡೀಸೆಲನ್ನ ತಾನೇ ಕಡಿಮೆ ಮಾಡಿಕೊಳ್ತದೆ.

ಪವರ್ ಇಲ್ಲ, ಹೊಗೆಯೂ ಇಲ್ಲ ಅಂದ್ರೆ ಎಂಜಿನಿಗೆ ಡೀಸೆಲ್ ಸಿಗ್ತಾ ಇಲ್ಲ. ಪವರ್ ಇಲ್ಲ ಆದ್ರೆ ಕಪ್ಪು ಹೊಗೆ ಧಾರಾಳ ಉಂಟು ಅಂದ್ರೆ ಡೀಸೆಲ್ ಸಿಗ್ತಾ ಉಂಟು, ಗಾಳಿ ಸಿಗ್ತಾ ಇಲ್ಲ ಅಥವಾ ನೋಝಲ್ ಸರಿಯಾಗಿ ಸಿಡಿಸ್ತಾ ಇಲ್ಲ, ಇಂಥ ಗಾಡಿಗೆ ಡೀಸೆಲ್ ಜಾಸ್ತಿ ಮಾಡಿ ಅಂತ ಕೇಳುದು ಪೂರಾ ಉಲ್ಟಾ. ಬಿಳಿ ಹೊಗೆ ಕಣ್ಣಿಗೆ ಉರಿ ಬರುವ ಹಾಗೆ ಬಂದ್ರೆ ಡೀಸೆಲ್ ಉರಿಯದೆ ಹೊರಗೆ ಬರ್ತಾ ಉಂಟು, ಟೈಮಿಂಗ್ (ಡೀಸೆಲ್ ಸಿಡಿಯುವ ಹೊತ್ತು) ಲೇಟ್ ಆಗಿರ್ಬಹುದು ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಶಕ್ತಿ) ಹೋಗಿರ್ಬಹುದು. ನೀಲಿ ಅಂದ್ರೆ ಎಂಜಿನ್ ಆಯಿಲ್ ಸುಡ್ತಾ ಉಂಟು, ಪಂಪಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಜಾತಿ ಉಂಟು: ಎಂಜಿನ್ ಗಮ್ಮತ್ತಾಗಿ ಕೂಗ್ತದೆ ಆದ್ರೆ ಗಾಡಿ ಮುಂದೆ ಹೋಗುದಿಲ್ಲ. ಅದು ಕ್ಲಚ್ ಜಾರುದು. ಇಲ್ಲದ್ರೆ ಬ್ರೇಕ್ ಹಿಡಿದುಕೊಂಡಿರುದು, ಸ್ವಲ್ಪ ದೂರ ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ ನಾಲ್ಕು ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಒಂದು ಮಾತ್ರ ಕಾದಿದ್ರೆ ನಿಮ್ಮ ಪವರ್ ಅಲ್ಲಿ ಉಂಟು. ಪಂಪ್ ಬಿಚ್ಚಿಸಿ ಪುತ್ತೂರಿಗೋ ಮಂಗಳೂರಿಗೋ ಕಳಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿ) ಮಾಡಿಸಿಕೊಂಡು ಬಂದು ಹಾಕಿದ ಮೇಲೆ ಹಿಂದಿನ ಬ್ರೇಕ್ ಹಿಡಿದದ್ದು ಅಂತ ಗೊತ್ತಾದ ಗಾಡಿಗಳು ನಮ್ಮ ಊರಲ್ಲಿ ಇಲ್ಲದೆ ಇಲ್ಲ.

ಎಕ್ಸಿಲೇಟರ್ ಕೇಬಲ್

ಇದಕ್ಕೆ ಎರಡು ನಿಮಿಷ ಸಾಕು. ಎಂಜಿನ್ ಆಫ್ ಇರ್ಲಿ, ಒಬ್ಬ ಪೆಡಲ್ ಪೂರ್ತಿ ಒತ್ತಿ ಹಿಡೀಲಿ, ನೀವು ಪಂಪಿನ ಲಿವರ್ ನೋಡಿ. ಲಿವರ್ ಹೋಗಿ ಮ್ಯಾಕ್ಸಿಮಮ್ ಸ್ಕ್ರೂಗೆ ತಾಗ್ಬೇಕು. ತಾಗದೆ ಅರ್ಧ ಇಂಚು ಬಾಕಿ ಉಳಿದ್ರೆ ಕೇಬಲ್ ಎಳೆದು ಉದ್ದ ಆಗಿದೆ, ಅಥವಾ ಪೆಡಲಿನ ಅಡಿಗೆ ಮ್ಯಾಟ್ ಮಡಚಿ ಕೂತಿದೆ. ಅಲ್ಲೇ ಬಗೆಹರಿದ್ರೆ ಉಳಿದದ್ದು ಓದುದೇ ಬೇಡ.

ಡೀಸೆಲ್ ಬರುವ ದಾರಿ

ಹೊಗೆ ಇಲ್ಲದೆ ಪವರ್ ಇಲ್ಲದ ಗಾಡಿಯಲ್ಲಿ ಹೆಚ್ಚಿನ ಪಾಲು ತೊಂದರೆ ಪಂಪಿನಿಂದ ಹಿಂದೆ, ಟ್ಯಾಂಕಿಂದ ಪಂಪಿನವರೆಗಿನ ದಾರಿಯಲ್ಲೇ ಇರುದು. ಲಕ್ಷಣ ಕೂಡ ಒಂದೇ ಥರ: ಸಮ ರಸ್ತೆಯಲ್ಲಿ ಸರಿ ಇರ್ತದೆ, ಚೆರ್ಕಳದಿಂದ ಕಲ್ಲಡ್ಕ ರಸ್ತೆ ಹಿಡಿದು ಚಡಾವು ಶುರುವಾದ ಮೇಲೆ ಸ್ವಲ್ಪ ದೂರ ಒಳ್ಳೆದು ಹೋಗಿ ಮತ್ತೆ ನಿಧಾನಕ್ಕೆ ಉಸಿರು ಬಿಡ್ತದೆ, ಸೈಡಿಗೆ ಹಾಕಿ ಎರಡು ನಿಮಿಷ ನಿಂತು ಮತ್ತೆ ಹೊರಟ್ರೆ ಪುನಃ ಸರಿ. ಇದು ಡೀಸೆಲ್ ಬರುವ ವೇಗ ಸಾಲದೆ ಆಗುದು, ನಿಂತಾಗ ಫಿಲ್ಟರ್ ಮತ್ತೆ ತುಂಬಿಕೊಳ್ತದೆ ಅಷ್ಟೆ.

ಮೊದಲು ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಅದೇ ಚಡಾವಲ್ಲಿ ಓಡಿಸಿ. ಬಿಚ್ಚುವಾಗ ಸುಯ್ ಅಂತ ಗಾಳಿ ಒಳಗೆ ಎಳೆದ್ರೆ, ಓಡಿಸುವಾಗ ಪವರ್ ಬಂದ್ರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ. ಕೆಂಪು ಮಣ್ಣಿನ ಧೂಳಿಗೆ ಇದು ಆಗಿಯೇ ಆಗ್ತದೆ. ಮತ್ತೆ ಟ್ಯಾಂಕಿನೊಳಗಿನ ಜಾಲರಿ, ಸೆಡಿಮೆಂಟರ್ (ಡೀಸೆಲಿಂದ ನೀರು ಬೇರೆ ಮಾಡುವ ಡಬ್ಬಿ), ಫಿಲ್ಟರ್, ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಪಂಪು) ನೋಡಿ. ನಮ್ಮದು ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಾಗ, ಅರ್ಧ ಟ್ಯಾಂಕಲ್ಲಿ ವಾರಗಟ್ಟಲೆ ಅಂಗಳದಲ್ಲಿ ನಿಂತ ಗಾಡಿಯಲ್ಲಿ ಒಳಗೆ ನೀರು ಹನಿಕಟ್ಟುದು ಮಾಮೂಲು, ಹಾಗಾಗಿ ಮಳೆಗಾಲದಲ್ಲಿ ಸೆಡಿಮೆಂಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಗ್ಲಾಸಿಗೆ ಹಿಡಿದು ನೋಡಿ, ನೀರು ಅಡಿಗೆ ಕೂರ್ತದೆ, ಡೀಸೆಲ್ ಮೇಲೆ ನಿಲ್ತದೆ, ಗೆರೆ ಸ್ಪಷ್ಟ ಕಾಣ್ತದೆ. ಈ ರೋಟರಿ ಪಂಪಿಗೆ ಎಂಜಿನ್ ಆಯಿಲಿನ ಸಂಪರ್ಕ ಇಲ್ಲ, ಅದರ ಒಳಗಿನದ್ದೆಲ್ಲ ಡೀಸೆಲಲ್ಲೇ ಮುಳುಗಿ ಡೀಸೆಲಿಂದಲೇ ನುಣುಪಾಗಿ ತಿರುಗುದು, ನೀರು ಹೋದ್ರೆ ಪ್ಲಂಜರ್ (ಒಳಗೆ ಡೀಸೆಲ್ ತಳ್ಳುವ ದಂಡು) ತುಕ್ಕು ಹಿಡಿದು ಗೀರು ಬೀಳ್ತದೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಕೂಡ ಅದೇ ಕಾರಣಕ್ಕೆ ಪಂಪಿಗೆ ಮಾರಿ.

ಇನ್ನು ಏರ್ ಹಿಡಿಯುದು. ಪಂಪಿಗೆ ಹೋಗುವ ರಬ್ಬರ್ ಪೈಪಿನ ಜಾಗಕ್ಕೆ ಒಂದು ಅಡಿ ಪಾರದರ್ಶಕ ಡೀಸೆಲ್ ಪೈಪು ಹಾಕಿ, ಕ್ಲಿಪ್ ಬಿಗಿ ಮಾಡಿ, ಹಾಗೆಯೇ ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನಿಗೂ ಒಂದು ತುಂಡು. ಎಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೆ ಒಂದೆರಡು ಗುಳ್ಳೆ ಹೋಗುದು ಲೆಕ್ಕ ಇಲ್ಲ. ಐದು ನಿಮಿಷ ಆದ ಮೇಲೂ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಪಂಪಿನ ಕಡೆಗೆ ಹೋಗ್ತಾ ಇದ್ರೆ, ರೇಸ್ ಕೊಟ್ಟಾಗ ಆ ಸಾಲು ದಪ್ಪ ಆದ್ರೆ, ಹಿಂದೆ ಎಲ್ಲೋ ಗಾಳಿ ಎಳಿತಾ ಉಂಟು. ಡೀಸೆಲ್ ಸೋರುದು ಕಾಣ್ಲಿಕ್ಕಿಲ್ಲ, ಯಾಕಂದ್ರೆ ಆ ಲೈನಲ್ಲಿ ಪಂಪ್ ಎಳೆಯುವಾಗ ಗಾಳಿ ಒಳಗೆ ಹೋಗುದೇ ಹೊರತು ಡೀಸೆಲ್ ಹೊರಗೆ ಬರುದಿಲ್ಲ. ಇನ್‌ಲೆಟ್ ಪೈಪಲ್ಲಿ ಗುಳ್ಳೆ ಇಲ್ಲ, ರಿಟರ್ನ್ ಪೈಪಲ್ಲಿ ಮಾತ್ರ ಇದ್ರೆ ಗಾಳಿ ಪಂಪಿನ ಮೈಯಿಂದಲೇ ಒಳಗೆ ಹೋಗಿರ್ಬಹುದು, ಗಾಡಿ ನಿಂತಾಗ ಲಿವರಿನ ಶಾಫ್ಟ್ ಸೀಲಿಂದ. ಒಣಗಿ ಗಟ್ಟಿಯಾದ ಹಳೆ ಒ-ರಿಂಗ್. ಇಂಥ ಗಾಡಿ ಬೆಳಿಗ್ಗೆ ಸ್ಟಾರ್ಟಿಗೂ ಸತಾಯಿಸ್ತದೆ, ರಾತ್ರಿ ಡೀಸೆಲ್ ಎಲ್ಲ ಟ್ಯಾಂಕಿಗೆ ವಾಪಸ್ ಇಳಿದಿರ್ತದೆ.

ಎಲ್ಲದಕ್ಕಿಂತ ಗಟ್ಟಿ ಪರೀಕ್ಷೆ ಬೇರೆ ಡಬ್ಬಿಯಿಂದ ಡೀಸೆಲ್ ಕೊಡುದು. ಐದು ಲೀಟರಿನ ಶುದ್ಧ ಕ್ಯಾನಿಗೆ ಡೀಸೆಲ್ ಹಾಕಿ, ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರ, ಅಲ್ಲಾಡದ ಹಾಗೆ ಕಟ್ಟಿ, ಹೊಸ ಫಿಲ್ಟರ್ ಒಂದರ ಮೂಲಕ ನೇರ ಪಂಪಿಗೆ ಕೊಡಿ, ರಿಟರ್ನನ್ನೂ ಅದೇ ಕ್ಯಾನಿಗೆ ಬಿಡಿ. ಈಗ ಅದೇ ಲೋಡಲ್ಲಿ ಅದೇ ಚಡಾವು. ಹತ್ತಿದ್ರೆ ಪಂಪ್ ನಿರಪರಾಧಿ, ಟ್ಯಾಂಕಿನ ಕಡೆಯ ಒಂದೊಂದೇ ಜಾಯಿಂಟ್ ಹುಡುಕಿ. ಹತ್ತದಿದ್ರೆ ಮಾತ್ರ ಮುಂದೆ.

ಒಂದು ಸಣ್ಣ ವಿಷಯ, ಯಾರೂ ಹೇಳುದಿಲ್ಲ. ಪಂಪಿಗೆ ಡೀಸೆಲ್ ಒಳಗೆ ಹೋಗುವ ಬ್ಯಾಂಜೋ ಬೋಲ್ಟ್ (ನಡುವೆ ತೂತಿರುವ ಬೋಲ್ಟ್) ಮತ್ತೆ ರಿಟರ್ನಿನ ಬೋಲ್ಟ್ ಹೊರಗಿಂದ ನೋಡಿದ್ರೆ ಅಣ್ಣತಮ್ಮ. ಆದ್ರೆ ರಿಟರ್ನಿನ ಬೋಲ್ಟಿನ ಒಳಗೆ ಸೂಜಿ ತೂತಿನಷ್ಟು ಸಣ್ಣ ದಾರಿ ಮಾತ್ರ ಇರುದು, ತಲೆಯ ಮೇಲೆ ಔಟ್ ಅಂತ ಇಂಗ್ಲಿಷಲ್ಲಿ ಹೊಡೆದಿರ್ತದೆ. ಆ ಸಣ್ಣ ತೂತಿಂದಲೇ ಪಂಪಿನ ಹೊಟ್ಟೆಯಲ್ಲಿ ಪ್ರೆಶರ್ ನಿಲ್ಲುದು, ಆ ಪ್ರೆಶರಿಂದಲೇ ಸ್ಪೀಡ್ ಏರಿದ ಹಾಗೆ ಟೈಮಿಂಗ್ ಅಡ್ವಾನ್ಸ್ ಆಗುದು. ವಾಷರ್ ಬದಲಿಸುವಾಗ ಎರಡು ಬೋಲ್ಟ್ ಅದಲು ಬದಲಾದ್ರೆ ಒಳಗೆ ಹೋಗುವ ದಾರಿಯೇ ಸೂಜಿ ತೂತು, ಗಾಡಿ ಸ್ಲೋದಲ್ಲಿ, ಅಂದ್ರೆ ರೇಸ್ ಕೊಡದೆ ನಿಂತಾಗ, ಚಂದ ಓಡ್ತದೆ, ಎಳೆಯುದು ಮಾತ್ರ ಸೊನ್ನೆ. ಫಿಲ್ಟರ್ ಬದಲಿಸಿ ಬಂದ ಮೇಲಿಂದ ಪವರ್ ಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ನೋಡುದು ಆ ಬೋಲ್ಟಿನ ತಲೆ.

ಗಾಳಿ

ಏರ್ ಫಿಲ್ಟರ್ ತೆಗೆದು ನೋಡಿ, ಕೆಂಪುಕಲ್ಲಿನ ಪಣೆಗೆ (ಕ್ವಾರಿಗೆ) ಹೋಗುವ ಗಾಡಿ ಆದ್ರೆ ಕಂಪೆನಿ ಪುಸ್ತಕದ ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ, ಆ ಧೂಳಿಗೆ ಅದರ ಅರ್ಧದಲ್ಲೇ ಕಟ್ಟಿಹೋಗ್ತದೆ. ಟರ್ಬೋ ಇದ್ರೆ ಟರ್ಬೋದಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸಿನ ಅಡಿ ಭಾಗ ಕೈ ಹಾಕಿ ತಡವಿ, ಮೇಲಿಂದ ಕಾಣದ ಬಿರುಕು ಅಲ್ಲೇ ಇರುದು, ಸುತ್ತ ಎಣ್ಣೆ ಮಸಿ ಹಿಡಿದಿರ್ತದೆ. ಸೈಲೆನ್ಸರ್ ಒಳಗೆ ಕಟ್ಟಿದ್ರೂ ಪವರ್ ಹೋಗ್ತದೆ.

ನೋಝಲ್, ಟೈಮಿಂಗ್, ಕಂಪ್ರೆಷನ್

ಎಂಜಿನ್ ಸ್ಲೋದಲ್ಲಿ ಓಡುವಾಗ ಒಂದೊಂದೇ ನೋಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ಬಿಗಿ ಮಾಡಿ. ಯಾವುದನ್ನ ಸಡಿಲ ಮಾಡಿದಾಗ ಎಂಜಿನಿನ ಶಬ್ದದಲ್ಲಿ ವ್ಯತ್ಯಾಸ ಆಗುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಾ ಇಲ್ಲ. ಇದು ಹಳೆ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ನೋಝಲಿಂದ ಸಿಡಿಯುವ ಡೀಸೆಲಿಗೆ ಬೆರಳು ಹಿಡಿದು ನೋಡುವ ಚಟ ಕೆಲವರಿಗೆ ಉಂಟು, ಅದು ಚರ್ಮದೊಳಗೆ ನುಗ್ಗಿ ಹೋಗ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುದು, ಒಳಗೆ ಕೊಳೆತು ಬೆರಳು ತೆಗೆಯುವಲ್ಲಿಗೆ ಬರ್ತದೆ. ಹಾಗೆ ಆದ್ರೆ ನೋವಿಲ್ಲ ಅಂತ ಮನೆಗೆ ಹೋಗ್ಬೇಡಿ, ಸೀದಾ ಆಸ್ಪತ್ರೆಗೆ.

ನೋಝಲ್ ಸಂಶಯ ಬಂದ್ರೆ ನಾಲ್ಕನ್ನೂ ಬಿಚ್ಚಿ ಪಂಪಿನವರ ಹತ್ತಿರ ಪ್ರೆಶರ್ ನೋಡಿಸಿ. ಹಳೆ ಚೇಂಬರ್ ಎಂಜಿನುಗಳ (ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಗೆ ಸಿಡಿಯುವಂಥದ್ದು) ನೋಝಲ್ ಸುಮಾರು 115ರಿಂದ 150 ಬಾರ್ ಒಳಗೆ ತೆರೆಯುದು, ಡಿಐ ಎಂಜಿನಿದ್ದು 200ರ ಆಚೆಗೆ. ಪ್ರೆಶರ್ ಒಂದೇ ನೋಡಿದ್ರೆ ಸಾಲದು, ಸಿಡಿತ ಮಂಜಿನ ಹಾಗೆ ಬರ್ಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ವಾಪಸ್ ಹಾಕುವಾಗ ಅಡಿಯ ತಾಮ್ರದ ವಾಷರ್ ಹೊಸದು ಹಾಕಿ, ಐದು ಹತ್ತು ರೂಪಾಯಿಯ ವಾಷರ್ ಉಳಿಸ್ಲಿಕ್ಕೆ ಹೋಗಿ ಕಂಪ್ರೆಷನ್ ಲೀಕ್ ಮಾಡಿಕೊಳ್ಳುದು ಯಾಕೆ.

ಟೈಮಿಂಗ್ ವಿಷಯಕ್ಕೆ ಬಂದ್ರೆ, ಪಂಪನ್ನ ಎಂಜಿನಿಗೆ ಕಟ್ಟಿದ ಬೋಲ್ಟಿನ ತೂತು ಉದ್ದಕ್ಕೆ ಇರ್ತದೆ, ಸಡಿಲ ಮಾಡಿದ್ರೆ ಪಂಪ್ ಸ್ವಲ್ಪ ಆಚೆ ಈಚೆ ತಿರುಗ್ತದೆ. ಪಂಪಿನ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪಿನ ಮೈ ತಿರುಗಿಸಿದ್ರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದ್ರೆ ರಿಟಾರ್ಡ್. ಮೊದಲು ಪಂಪಿನ ಮೈಗೂ ಪ್ಲೇಟಿಗೂ ಸೇರಿಸಿ ಒಂದು ಉಳಿ ಗೆರೆ ಎಳೆದುಕೊಳ್ಳಿ. ಸರಿಯಾದ ರೀತಿ ಅಂದ್ರೆ ಪಂಪಿನ ಹಿಂದಿನ ಹೆಡ್ಡಿನ ನಡುವಿನ ಪ್ಲಗ್ ತೆಗೆದು ಡಯಲ್ ಗೇಜ್ ಕೂರಿಸಿ, ಎಂಜಿನಿನ ಮಾರ್ಕ್ ಹಿಡಿದು, ಪ್ಲಂಜರ್ ಎಷ್ಟು ಮಿಲ್ಲಿಮೀಟರ್ ಎದ್ದಿದೆ ಅಂತ ಆ ಎಂಜಿನಿನ ಪುಸ್ತಕದ ಲೆಕ್ಕಕ್ಕೆ ಸೇರಿಸುದು. ಕಿವಿಯಲ್ಲಿ ಕೇಳಿ ಟೈಮಿಂಗ್ ಇಡುವವರು ಇದ್ದಾರೆ, ಕೆಲವರ ಕಿವಿ ಒಳ್ಳೆದೂ ಉಂಟು, ಆದ್ರೆ ನನಗೆ ಆ ವಿದ್ಯೆಯ ಮೇಲೆ ನಂಬಿಕೆ ಕಡಿಮೆ, ಯಾಕಂದ್ರೆ ಜಾಸ್ತಿ ಅಡ್ವಾನ್ಸ್ ಮಾಡಿದ್ರೆ ಗಾಡಿ ಖಾಲಿಯಲ್ಲಿ ಚುರುಕು ಕಾಣ್ತದೆ, ಪಿಸ್ಟನ್ನಿಗೂ ಹೆಡ್ ಗ್ಯಾಸ್ಕೆಟಿಗೂ ಪೆಟ್ಟು ಬೀಳುದು ಲೋಡಲ್ಲಿ.

ಕಂಪ್ರೆಷನಿಗೆ ಗೇಜ್ ಇಲ್ಲದಿದ್ರೆ, ಬಿಸಿ ಎಂಜಿನ್ ಸ್ಲೋದಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಉಲ್ಟಾ ಇಟ್ಟು ನೋಡಿ. ಸ್ವಲ್ಪ ನಡುಗಿದ್ರೆ ಅಡ್ಡಿಲ್ಲ. ಹಾರಿ ಬಿದ್ರೆ, ಉಗಿಬಂಡಿಯ ಹಾಗೆ ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಹೋಗಿದೆ. ಅಲ್ಲಿಗೆ ಪಂಪಿನ ಮಾತು ನಿಲ್ಲಿಸಿ ಎಂಜಿನ್ ಕೆಲಸದ ಲೆಕ್ಕ ಹಾಕಿ.

ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಗಾಡಿ

ಪಂಪೇ ಸವೆದಿದೆ ಅಂತ ಹೇಗೆ ಗೊತ್ತಾಗುದು? ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಪುತ್ತೂರಿಗೆ ಅಡಿಕೆ ಕೊಂಡುಹೋಗಿ ಇಳಿಸಿ ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದ್ರೆ ತಿರುಗ್ತದೆ, ತಿರುಗ್ತದೆ, ಹಿಡಿಯುದಿಲ್ಲ. ಆಗ ಒಂದು ಬಟ್ಟೆಯನ್ನ ತಣ್ಣೀರಲ್ಲಿ ಅದ್ದಿ ಪಂಪಿನ ಹಿಂದಿನ ಹೆಡ್ಡಿಗೆ, ಪೈಪುಗಳು ಹೊರಡುವ ಆ ಕಬ್ಬಿಣದ ಭಾಗಕ್ಕೆ, ಸುತ್ತಿ ಹತ್ತು ನಿಮಿಷ ಬಿಡಿ. ಹಿಡಿದ್ರೆ ಪ್ಲಂಜರ್ ಮತ್ತೆ ಹೆಡ್ ಸವೆದಿದೆ. ತಣ್ಣಗಿರುವಾಗ ಡೀಸೆಲ್ ದಪ್ಪ, ಸಂದಿಯಲ್ಲಿ ಜಾರುದಿಲ್ಲ, ಬಿಸಿಯಾದಾಗ ತೆಳ್ಳಗಾಗಿ ಸೆಲ್ಫಿನ ನಿಧಾನ ತಿರುಗಾಟದಲ್ಲಿ ಪ್ರೆಶರ್ ಕಟ್ಟುವ ಮೊದಲೇ ಸಂದಿಯಲ್ಲಿ ಜಾರಿ ಹೋಗ್ತದೆ. ಸ್ಕ್ರೂ ತಿರುಗಿಸಿ ಇದನ್ನ ಮುಚ್ಚಿಡ್ಲಿಕ್ಕೆ ಆಗ್ತದೆ, ಸ್ವಲ್ಪ ದಿನ. ಹೆಡ್ ಬದಲಿಸಿ ಟೆಸ್ಟ್ ಬೆಂಚಲ್ಲಿ ಕ್ಯಾಲಿಬ್ರೇಷನ್ ಮಾಡಿಸುದೇ ದಾರಿ.

ಡೀಸೆಲಿಗೆ ಟು-ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಎಣ್ಣೆ) ಬೆರೆಸಿದ್ರೆ ಪಂಪ್ ಬಾಳ್ತದೆ ಅಂತ ಒಂದು ಪಕ್ಷ ಉಂಟು. 2020ರ ಏಪ್ರಿಲಿಂದ ದೇಶಕ್ಕೆಲ್ಲ ಬಿಎಸ್ 6 (ಸರಕಾರದ ಹೊಗೆ ಮಾನದಂಡ) ಡೀಸೆಲ್ ಬಂತು, ಗಂಧಕ 10 ಪಿಪಿಎಮ್ಮಿಗೆ ಇಳೀತು, ಗಂಧಕ ತೆಗೆಯುವಾಗ ಡೀಸೆಲಿನ ಜಿಡ್ಡೂ ಹೋಗ್ತದೆ ಅನ್ನುದು ನಿಜ, ಆದ್ರೆ ಅದಕ್ಕೆ ಬೇಕಾದ್ದನ್ನ ರಿಫೈನರಿಯವರೇ ಬೆರೆಸಿ ಕಳಿಸುದು, ಮಾನದಂಡದಲ್ಲೇ ಸವೆತಕ್ಕೆ ಮಿತಿ ಹಾಕಿದ್ದಾರೆ. ಸವೆದ ಪ್ಲಂಜರನ್ನ ಯಾವ ಎಣ್ಣೆಯೂ ಬೆಳೆಸುದಿಲ್ಲ.

ಈಗ ಸ್ಕ್ರೂ

ಮೇಲಿನದ್ದೆಲ್ಲ ಸರಿ ಉಂಟು, ಫಿಲ್ಟರ್ ಹೊಸದು, ನೋಝಲ್ ಸರಿ, ಪೂರ್ತಿ ಒತ್ತಿದ್ರೂ ಹೊಗೆಯ ಸುಳಿವಿಲ್ಲ, ಆದ್ರೂ ಸ್ವಲ್ಪ ಬೇಕು ಅಂತಿದ್ರೆ ಆಗ ಮುಟ್ಟಬಹುದು.

ಪಂಪಿನ ಹಿಂದೆ, ಪೈಪುಗಳ ಮೇಲ್ಗಡೆ, ಲಾಕ್ ನಟ್ ಹಾಕಿದ ಒಂದು ಸ್ಕ್ರೂ ಉಂಟು, ಅದೇ ಫುಲ್ ಲೋಡ್ ಸ್ಕ್ರೂ. ಕಂಪೆನಿಯ ಸೀಲ್ ವಯರ್ ಇದ್ರೆ ಅದು ಇನ್ನೂ ಯಾರೂ ಮುಟ್ಟದ ಪಂಪ್, ಇಲ್ಲದಿದ್ರೆ ನಿಮಗಿಂತ ಮೊದಲು ಯಾರೋ ಬಂದು ಹೋಗಿದ್ದಾರೆ. ಲಿವರಿನ ಹತ್ತಿರ ಇರುವ ಎರಡು ಸ್ಕ್ರೂ ಬೇರೆ, ಒಂದು ಸ್ಲೋದ್ದು, ಒಂದು ಮ್ಯಾಕ್ಸಿಮಮ್ ಆರ್‌ಪಿಎಮ್ಮಿದ್ದು. ಪವರ್ ಬೇಕು ಅಂತ ಮ್ಯಾಕ್ಸಿಮಮ್ ಸ್ಕ್ರೂ ತಿರುಗಿಸುವವರು ಇದ್ದಾರೆ, ಅದರಿಂದ ಎಂಜಿನ್ ಹೆಚ್ಚು ಸುತ್ತು ತಿರುಗಿ ಕಿರಿಚುದೇ ಹೊರತು ಚಡಾವಲ್ಲಿ ಎಳೆಯುದು ಒಂದು ಗುಂಜಿಯೂ ಹೆಚ್ಚಾಗುದಿಲ್ಲ.

ಸ್ಕ್ರೂವಿನ ತಲೆಗೂ ಲಾಕ್ ನಟ್ಟಿಗೂ ಪಂಪಿನ ಮೈಗೂ ಸೇರಿಸಿ ವೈಟ್ನರಲ್ಲಿ ಒಂದೇ ಗೆರೆ ಎಳೆಯಿರಿ. ಹೊರಗೆ ಕಾಣುವ ಥ್ರೆಡ್ ಎಷ್ಟು ಮಿಲ್ಲಿಮೀಟರ್ ಅಂತ ಅಳೆದು ಬರೆದಿಡಿ, ಗೆರೆ ಅಳಿಸಿಹೋದ್ರೆ ಇದು ಬೇಕಾಗ್ತದೆ. ಸ್ಕ್ರೂ ತಿರುಗದ ಹಾಗೆ ಹಿಡಿದುಕೊಂಡು ನಟ್ ಮಾತ್ರ ಸಡಿಲ ಮಾಡಿ, ಮತ್ತೆ ಸ್ಕ್ರೂವನ್ನ ಗಡಿಯಾರದ ದಿಕ್ಕಿಗೆ, ಅಂದ್ರೆ ಒಳಗೆ ಹೋಗುವ ಹಾಗೆ, ಸುತ್ತಿನ 1/8 ಭಾಗ ಮಾತ್ರ. ನಟ್ ಬಿಗಿ. ಒಳಗೆ ಆಗುದು ಎಂತ ಅಂದ್ರೆ ಗವರ್ನರಿನ ಲಿವರ್ ಕೂತ ಜಾಗವೇ ಜರುಗಿ ಪ್ಲಂಜರಿನ ಮೇಲಿನ ಬಳೆ ಸ್ವಲ್ಪ ಆಚೆ ಹೋಗ್ತದೆ, ಡೀಸೆಲ್ ತಳ್ಳುದು ಸ್ವಲ್ಪ ತಡವಾಗಿ ನಿಲ್ತದೆ, ಹಾಗಾಗಿ ಸ್ಲೋ ಕೂಡ ಒಟ್ಟಿಗೇ ಏರ್ತದೆ. ಸ್ಲೋ ಸ್ಕ್ರೂ ಹಿಂದೆ ಬಿಟ್ಟು ಅದನ್ನ ಮೊದಲಿನ ಜಾಗಕ್ಕೆ ತನ್ನಿ. ಸ್ಲೋ ಸ್ಕ್ರೂ ಪೂರ್ತಿ ಬಿಟ್ಟರೂ ಸ್ಲೋ ಇಳಿಯದಿದ್ರೆ, ರೇಸ್ ಬಿಟ್ರೂ ಎಂಜಿನ್ ನಿಧಾನಕ್ಕೆ ಇಳಿಯುದಾದ್ರೆ, ಮಿತಿ ದಾಟಿದ್ದೀರಿ, ಹಿಂದೆ ಬನ್ನಿ. ಇನ್ನೂ ಒಳಗೆ ಹಾಕಿದ್ರೆ ಎಂಜಿನ್ ತನ್ನಷ್ಟಕ್ಕೆ ರೇಸ್ ಏರಿ ಕೈಗೆ ಸಿಗದೆ ಹೋಗುವ ಅಪಾಯ ಉಂಟು. ಹಾಗಾಗಿ ಈ ಕೆಲಸ ಮಾಡುವಾಗ ಕೀ ಆಫ್ ಮಾಡಿದ್ರೆ ಪಂಪಿನ ಸಾಲನಾಯ್ಡ್ ಡೀಸೆಲ್ ನಿಲ್ಲಿಸ್ತದೆ ಅನ್ನುದನ್ನ ಮೊದಲೇ ನೋಡಿಕೊಳ್ಳಿ, ಏರ್ ಇನ್‌ಲೆಟಿನ ಬಾಯಿ ಮುಚ್ಚುವಷ್ಟು ದೊಡ್ಡ ಹಲಗೆ ತುಂಡೊಂದು ಹತ್ತಿರ ಇರ್ಲಿ. ಕೈಯಲ್ಲಿ ಮುಚ್ಚಲಿಕ್ಕೆ ಹೋಗ್ಬೇಡಿ.

ಪ್ರತಿ ಸಲ ಅದೇ ಲೋಡು, ಅದೇ ಚಡಾವು, ಅದೇ ಗೇರು. ಪೂರ್ತಿ ಒತ್ತಿದಾಗ ತೆಳ್ಳಗೆ ಬೂದಿ ಬಣ್ಣದ ಹೊಗೆ ಬಂದ ಕೂಡ್ಲೆ ನಿಲ್ಲಿಸಿ, ಅಲ್ಲಿಂದ ಸ್ವಲ್ಪ ಹಿಂದೆ ತಿರುಗಿಸಿ ಬಿಡಿ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲಿಕ್ಕೆ ಲೆಕ್ಕಕ್ಕೆ ಹದಿನಾಲ್ಕೂವರೆ ಕಿಲೋ ಗಾಳಿ ಸಾಕು, ಆದ್ರೆ ಎಂಜಿನಿನೊಳಗೆ ಅಷ್ಟು ಚಂದ ಬೆರೆಯುದಿಲ್ಲ, ಹದಿನೆಂಟು ಇಪ್ಪತ್ತರ ಕೆಳಗೆ ಇಳಿದ್ರೆ ಹೊಗೆ ಶುರು. ಟರ್ಬೋ ಇಲ್ಲದ ಎಂಜಿನಿಗೆ ಸಿಗುವ ಗಾಳಿ ಫಿಕ್ಸ್, ಆ ಗಾಳಿಗಿಂತ ಹೆಚ್ಚು ಹಾಕಿದ ಡೀಸೆಲ್ ಕರಿಯಾಗಿ ಹೊರಗೆ ಹೋಗ್ತದೆ, ಹೋಗುವಾಗ ಪಿಸ್ಟನ್ನಿನ ತಲೆ ಬಿಸಿ ಮಾಡಿ ಹೋಗ್ತದೆ. ಪೈರೋಮೀಟರ್ (ಹೊರಗೆ ಹೋಗುವ ಗ್ಯಾಸಿನ ಬಿಸಿ ಅಳೆಯುವ ಮೀಟರ್) ಹಾಕ್ಲಿಕ್ಕೆ ಆದ್ರೆ ಹಾಕಿ, ಟರ್ಬೋದ ಮೊದಲು ಸೈಲೆನ್ಸರ್ ಗ್ಯಾಸ್ 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದ್ರೆ ಪೆಡಲ್ ಬಿಡಿ. ಅದಿಲ್ಲದಿದ್ರೆ ನೀರಿನ ಟೆಂಪರೇಚರ್ ಮುಳ್ಳಾದ್ರೂ ನೋಡ್ತಾ ಇರಿ, ಅದು ಏಳುವಷ್ಟರಲ್ಲಿ ಸ್ವಲ್ಪ ತಡ ಆಗಿರ್ತದೆ ಅನ್ನುದು ಬೇರೆ.

ಟರ್ಬೋ ಗಾಡಿಯ ಪಂಪಿನ ಮೇಲೆ ತಟ್ಟೆ ಥರ ಒಂದು ಡಬ್ಬಿ ಇರ್ತದೆ, ಮ್ಯಾನಿಫೋಲ್ಡಿಂದ ಸಣ್ಣ ಪೈಪು ಬಂದು ಅದಕ್ಕೆ ಸೇರುದು. ಬೂಸ್ಟ್, ಅಂದ್ರೆ ಟರ್ಬೋ ಒತ್ತಿದ ಗಾಳಿ, ಬಂದಾಗ ಒಳಗಿನ ರಬ್ಬರ್ ಡಯಫ್ರಮ್ ಕೆಳಗೆ ಒತ್ತಿ, ಓರೆ ಮಾಡಿದ ಒಂದು ಪಿನ್ ಇಳಿದು, ಡೀಸೆಲ್ ಹೆಚ್ಚು ಬಿಡ್ಲಿಕ್ಕೆ ಬಿಡ್ತದೆ. ಆ ಸಣ್ಣ ಪೈಪು ಒಡೆದ್ರೆ ಅಥವಾ ಡಯಫ್ರಮ್ ಹರಿದ್ರೆ ಗಾಡಿ ಟರ್ಬೋ ಇಲ್ಲದ ಗಾಡಿಯ ಹಾಗೆ ಆಗ್ತದೆ, ಹೊಗೆ ಇಲ್ಲ, ಪವರ್ ಇಲ್ಲ. ಸೈಕಲ್ ಪಂಪಲ್ಲಿ ಮೆಲ್ಲ ಗಾಳಿ ಹಾಕಿ ನೋಡಿ, ನಿಂತ್ರೆ ಸರಿ, ಸುಯ್ ಅಂತ ಇಳಿದ್ರೆ ಡಯಫ್ರಮ್ ಬದಲಿಸಿ. ಟರ್ಬೋ ಗಾಡಿಯಲ್ಲಿ ಹೋದ ಪುಲ್ಲಿಂಗ್ ಎಷ್ಟೋ ಸಲ ಈ ಒಂದು ಗೇಣು ಪೈಪಲ್ಲೇ ಇರುದು. ಮುಚ್ಚಳದ ಮೇಲಿನ ಸ್ಕ್ರೂ ಬೂಸ್ಟ್ ಬರುವ ಮೊದಲಿನ ಡೀಸೆಲಿಗೆ, ಅದನ್ನ ಒಳಗೆ ಹಾಕಿದ್ರೆ ಹೊರಡುವಾಗ ಚುರುಕು ಉಂಟು, ಒಟ್ಟಿಗೇ ಕಪ್ಪು ಮೋಡವೂ ಉಂಟು. ಒಳಗಿನ ನಕ್ಷತ್ರ ಚಕ್ರ, ಪಿನ್ ತಿರುಗಿಸುದು ಇದೆಲ್ಲ ಮಾಡುವವರು ಮೊದಲಿನ ಸ್ಥಾನಕ್ಕೆ ಗುರುತು ಹಾಕಿಯೇ ಬಿಚ್ಚಿ.

ಕೆಲಸ ಮುಗಿದ ಮೇಲೆ ಬಿಚ್ಚಿದ ಜಾಗವೆಲ್ಲ ಒರೆಸಿ ಒಣಗಿಸಿ ಒಂದು ರೌಂಡ್ ಹೋಗಿ ಬಂದು ಎಲ್ಲಿ ಒದ್ದೆ ಆಗಿದೆ ನೋಡಿ. ಫುಲ್ ಲೋಡ್ ಸ್ಕ್ರೂವಿನ ಒ-ರಿಂಗ್ ಹಳೆದಾಗಿದ್ರೆ ತಿರುಗಿಸಿದ ಮರುದಿನವೇ ಅಲ್ಲಿ ಜಿನುಗ್ಲಿಕ್ಕೆ ಶುರು ಆಗ್ತದೆ. ಮತ್ತೆ ಹೊಗೆ ಟೆಸ್ಟಿನ ಲೆಕ್ಕವೂ ಉಂಟು. ಬಿಎಸ್ 4ಕ್ಕಿಂತ ಹಳೆ ಡೀಸೆಲ್ ಗಾಡಿಗೆ ಮಿತಿ 2.45, ಬಿಎಸ್ 4ಕ್ಕೆ 1.62, ಯಂತ್ರದಲ್ಲಿ ಬರುವ ಕೆ ವ್ಯಾಲ್ಯೂ, ಅಂದ್ರೆ ಹೊಗೆ ಎಷ್ಟು ದಟ್ಟ ಅನ್ನುವ ಲೆಕ್ಕ, ಅದು. ನಂಬರ್ ಪ್ಲೇಟ್ ಕಾಸರಗೋಡಿನ ಕೆಎಲ್ 14 ಆಗ್ಲಿ ಪುತ್ತೂರಿನ ಕೆಎ 21 ಆಗ್ಲಿ ಲೆಕ್ಕ ಒಂದೇ. ಫೇಲ್ ಆದ್ರೆ ಸ್ಕ್ರೂ 1/8 ಹಿಂದೆ ತಿರುಗಿಸಿ, ಏರ್ ಫಿಲ್ಟರ್ ಹೊಸದು ಹಾಕಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡು ಮತ್ತೊಮ್ಮೆ ಹೋಗಿ.